ಅಂಗಳದ ಕೋವಿ

ನಮ್ಮ ಕಡೆಯ ತುಳುಮಾತಿನಲ್ಲಿ ‘ಬೆಡಿ’ ಎಂಬುದೊಂದು ವಿಚಿತ್ರವಾದ ಪದ. ಕೋವಿಗೂ ಅದೇ ಹೆಸರು, ಜಾತ್ರೆಯ ಸುಡುಮದ್ದಿಗೂ ಅದೇ ಹೆಸರು. ಏಪ್ರಿಲ್ ತಿಂಗಳಿನಲ್ಲಿ ಪುತ್ತೂರಿನ ಬೆಡಿಯನ್ನು ನೋಡಲೆಂದು ಪಾಣೆಮಂಗಳೂರಿನಿಂದ ಹೊರಡುವ ಜನ ಆಕಾಶದಲ್ಲಿ ಅರಳಿದ ಬೆಂಕಿಯ ಹೂಗಳನ್ನು ಕಂಡು ಸಂತೋಷದಿಂದ ಹಿಂದಿರುಗುತ್ತಾರೆ. ನಡುರಾತ್ರಿಯಲ್ಲಿ ತೋಟದ ಕಡೆಯಿಂದ ಕೇಳಿಬಂದ ಬೆಡಿಯ ಸದ್ದಿಗೆ ಅದೇ ಜನ ಬೆಚ್ಚಿ ಎದ್ದು ಕೂರುತ್ತಾರೆ. ಒಂದೇ ಪದದಲ್ಲಿ ಸಂಭ್ರಮವೂ ಇದೆ, ಭಯವೂ ಇದೆ. ಕೋವಿಯ ಮಾತೆತ್ತುವವನು ಈ ಎರಡರಲ್ಲಿ ಯಾವುದನ್ನೂ ಮರೆಯುವಂತಿಲ್ಲ.

ಈ ಮಾತು ಈಗ ಬಂದುದಕ್ಕೆ ಕಾರಣ, ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬರೆದಿರುವ ಕಾಗದ. ಪದವಿ ಮುಗಿಸಿ ತಂದೆಯ ಅಡಕೆ ತೋಟವನ್ನು ನೋಡಿಕೊಂಡಿರುವ ಈ ತರುಣನಿಗೆ ಗುರಿ ಹೊಡೆಯುವ ಆಸೆ ಹುಟ್ಟಿದೆ. “ಸಾರ್, ನನಗೆ ಬೇಟೆಯ ಚಟವಿಲ್ಲ. ಸಂಜೆಯ ಹೊತ್ತು ಕಾಗದದ ಗುರಿಗೆ ನಾಲ್ಕು ಗುಂಡು ಹೊಡೆದು ಮನಸ್ಸನ್ನು ಹಗುರ ಮಾಡಿಕೊಳ್ಳಬೇಕೆಂದಷ್ಟೇ ಇದೆ. ಕಿಸೆಗೆ ಭಾರವಾಗದ ಒಂದು ಪುಟ್ಟ ರೈಫಲ್ಲನ್ನು ಸೂಚಿಸಿ. ಅಮ್ಮ ಮಾತ್ರ, ಎಂಟು ವರ್ಷದ ಮಗುವಿರುವ ಮನೆಗೆ ಕೋವಿ ಬೇಡವೇ ಬೇಡವೆನ್ನುತ್ತಾರೆ. ತಾವು ಬರೆದರೆ ಅವರಿಗೂ ಓದಿ ಹೇಳುತ್ತೇನೆ,” ಎಂದು ಅವನ ಒಕ್ಕಣೆ. ಆದುದರಿಂದ ಈ ವಾರದ ನನ್ನ ಬರಹಕ್ಕೆ ಇಬ್ಬರು ವಿಶೇಷ ಓದುಗರಿದ್ದಾರೆ: ಆಸೆಪಟ್ಟ ಮಗ ಒಬ್ಬ, ಅಂಜಿದ ತಾಯಿ ಒಬ್ಬರು.

ಕನ್ನಡ ಪಾಠ ಹೇಳುವವನಿಗೂ ಕೋವಿಗೂ ಎತ್ತಣ ಸಂಬಂಧವೆಂದು ಉಳಿದ ಓದುಗರು ಹುಬ್ಬೇರಿಸಬಹುದು. ಕಾಲೇಜಿನಲ್ಲಿ ಎನ್.ಸಿ.ಸಿ. ಎಂಬುದೊಂದಿದೆ. 1948ರಲ್ಲಿ ಆರಂಭವಾದ ಈ ದಳದಲ್ಲಿ ನಮ್ಮ ನಾಡಿನ ಲಕ್ಷಾಂತರ ಹುಡುಗ ಹುಡುಗಿಯರು ನೆಲದ ಮೇಲೆ ಬೋರಲು ಮಲಗಿ, ಉಸಿರು ಬಿಗಿಹಿಡಿದು, ಬದುಕಿನ ಮೊದಲನೆಯ ಗುಂಡನ್ನು ಹಾರಿಸಿದ್ದಾರೆ. ಅಂಥವರ ಬೆನ್ನ ಹಿಂದೆ ನಿಂತು ನೋಡಿದವನಿಗೆ ಒಂದು ಸತ್ಯ ತಿಳಿಯುತ್ತದೆ: ಗುರಿ ತಪ್ಪಿಸುವುದು ಬಹುಮಟ್ಟಿಗೆ ಕೋವಿಯಲ್ಲ, ಕೋವಿ ಹಿಡಿದವನ ಅವಸರ.

ಆ ಹುಡುಗರು ಹಿಡಿಯುವುದು ‘ಪಾಯಿಂಟ್ ಟೂ ಟೂ’ ರೈಫಲ್. ನಳಿಗೆಯ ಒಳ ಅಗಲ 0.22 ಅಂಗುಲ, ಎಂದರೆ ಸುಮಾರು 5.6 ಮಿಲಿಮೀಟರು. ಪುಟ್ಟ ರೈಫಲ್ ಎಂದೊಡನೆ ಪ್ರಪಂಚದಲ್ಲೆಲ್ಲ ಮೊದಲು ನೆನಪಾಗುವುದೂ ಇದೇ. ಇದರ ‘ಲಾಂಗ್ ರೈಫಲ್’ ಎಂಬ ತೋಟೆ ಅಮೆರಿಕದಲ್ಲಿ 1887ರಲ್ಲಿ ಹುಟ್ಟಿತು. ಇಂದಿಗೂ ಅದಕ್ಕೆ ಮುಪ್ಪು ಬಂದಿಲ್ಲ. ಎರಡೂವರೆ ಗ್ರಾಮಿನಷ್ಟು ಸೀಸದ ಗುಂಡು, ಭುಜಕ್ಕೆ ತಾಗಿಯೂ ತಾಗದಂಥ ಒದೆತ. ಒಲಿಂಪಿಕ್ಸಿನ 50 ಮೀಟರು ಸ್ಪರ್ಧೆ ನಡೆಯುವುದೂ ಇದರಲ್ಲಿಯೇ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಈ ಸ್ಪರ್ಧೆಯ ಕಂಚಿನ ಪದಕವನ್ನು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಗೆ ತಾಗಿದ ಕೊಲ್ಲಾಪುರ ಜಿಲ್ಲೆಯವರು, ಶಾಲಾ ಮಾಸ್ತರರೊಬ್ಬರ ಮಗ. ಮಗನ ಅಭ್ಯಾಸಕ್ಕಾಗಿ ಆ ತಂದೆ ಸಾಲ ಮಾಡಿದ ಸಂಗತಿ ಆಗ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ರೈಫಲ್ಲಿನ ಬೆಲೆಯನ್ನು ಒಮ್ಮೆ ಕೊಟ್ಟು ಮುಗಿಸಬಹುದು; ತೋಟೆಯ ಬೆಲೆಯನ್ನು ಟ್ರಿಗರ್ ಎಳೆದಾಗಲೆಲ್ಲ ಕೊಡಬೇಕು. ಅಗ್ಗದ ಕೋವಿಯನ್ನು ಹುಡುಕುವವನು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.

ಆದರೆ ಹಣಕ್ಕಿಂತ ದೊಡ್ಡದೊಂದು ಅಡ್ಡಿಯಿದೆ. ಅದು ನಮ್ಮ ನೆಲದ್ದು. ಪಾಯಿಂಟ್ ಟೂ ಟೂ ತೋಟೆಯ ಪೆಟ್ಟಿಗೆಯ ಮೇಲೆಯೇ, ಈ ಗುಂಡು ಒಂದು ಮೈಲಿಯಾಚೆಗೂ ಅಪಾಯಕಾರಿಯೆಂಬ ಎಚ್ಚರಿಕೆ ಅಚ್ಚಾಗಿರುತ್ತದೆ. ಪಾಣೆಮಂಗಳೂರಿನ ಪೇಟೆಯಲ್ಲಿ ನಿಂತು ಒಂದು ಮೈಲಿಯ ವೃತ್ತವನ್ನು ಮನಸ್ಸಿನಲ್ಲಿ ಎಳೆದು ನೋಡಿ. ಅದರೊಳಗೆ ಮೇಲ್ಕಾರಿದೆ, ಹೆದ್ದಾರಿಯಿದೆ, ಶಾಲೆಗಳಿವೆ, ನೇತ್ರಾವತಿಯ ಆಚೆಯ ದಡದ ಮನೆಗಳಿವೆ. ನಮ್ಮದು ಬಯಲುಸೀಮೆಯಂತೆ ಮನೆಗಳೆಲ್ಲ ಒಂದೆಡೆ ಗುಂಪುಗೂಡಿ, ಊರಾಚೆ ಬರಿಯ ಬಯಲು ಹಾಸಿಕೊಂಡ ನಾಡಲ್ಲ. ಇಲ್ಲಿ ಪ್ರತಿಯೊಂದು ಮನೆಯೂ ತನ್ನ ತನ್ನ ತೋಟದ ನಡುವೆ ಅಡಗಿ ಕುಳಿತಿದೆ. ಬರಿಯ ಅಡಕೆ ಮರಗಳೆಂದು ನಾವು ತಿಳಿದ ದಿಕ್ಕಿನಲ್ಲಿ ಒಬ್ಬಾಕೆ ಬಾವಿಯಿಂದ ನೀರು ಸೇದುತ್ತಿರುತ್ತಾಳೆ, ಒಂದು ಮಗು ಕಾಲುಸಂಕವನ್ನು ದಾಟುತ್ತಿರುತ್ತದೆ. ಮೈಲಿ ಹಾರುವ ಗುಂಡಿಗೆ ಇಲ್ಲಿ ನಿಲ್ಲಲು ನಿರ್ಜನವಾದ ತಾವೇ ಇಲ್ಲ.

ಆದುದರಿಂದ ನಾನು ಹೇಳುವ ಮೊದಲನೆಯ ಮಾತು ಕೋವಿಯ ವಿಚಾರವೇ ಅಲ್ಲ. ಗುಂಡು ಎಲ್ಲಿ ಹೋಗಿ ನಿಲ್ಲಬೇಕೆಂಬುದನ್ನು ಮೊದಲು ಆರಿಸಿ. ಅದಕ್ಕೆ ತಕ್ಕ ಕೋವಿಯನ್ನು ಆಮೇಲೆ ಆರಿಸಿ. ಅಂಗಡಿಗೆ ಹೋಗುವ ದಾರಿ ಮನೆಯ ಅಂಗಳದಿಂದ ಆರಂಭವಾಗಬೇಕು.

ಕಾನೂನು ಕೂಡ ಇದೇ ದಿಕ್ಕಿಗೆ ಬೆರಳು ತೋರಿಸುತ್ತದೆ. 1959ರ ಶಸ್ತ್ರ ಕಾಯಿದೆಯ ಪ್ರಕಾರ ಪಾಯಿಂಟ್ ಟೂ ಟೂ ರೈಫಲ್ಲಿಗೆ ಪರವಾನಗಿ ಬೇಕೇ ಬೇಕು. ನಮ್ಮ ಗ್ರಾಮಗಳವರು ಅದಕ್ಕಾಗಿ ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬೇಕು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಗುರಿಯ ಅಭ್ಯಾಸಕ್ಕೆ ಕೋವಿ ಬೇಕೆನ್ನುವವನನ್ನು ಆ ಕಾಯಿದೆಯ 13ನೆಯ ಸೆಕ್ಷನ್ನು ಮುಖ್ಯವಾಗಿ ಒಂದು ವಿಷಯದಲ್ಲಿ ಪರೀಕ್ಷಿಸುತ್ತದೆ: ಅವನು ಕೇಂದ್ರ ಸರಕಾರದ ಮನ್ನಣೆ ಪಡೆದ ರೈಫಲ್ ಕ್ಲಬ್ಬಿನ ಅಥವಾ ಸಂಘದ ಸದಸ್ಯನೇ? ಸಂಘದ ಮೈದಾನದಲ್ಲಿ ಗುಂಡು ತಡೆಯುವ ದಿಬ್ಬವಿರುತ್ತದೆ, ಅಪ್ಪಣೆಯಿಲ್ಲದೆ ಗುಂಡು ಹಾರದಂತೆ ನೋಡಿಕೊಳ್ಳುವ ಅಧಿಕಾರಿಯಿರುತ್ತಾನೆ. ಪಾಯಿಂಟ್ ಟೂ ಟೂವಿಗೆ ಸಲ್ಲುವ ಜಾಗ ಅದೇ. ಸಂಪಾಜೆಯ ಘಾಟಿಯನ್ನು ಹತ್ತಿದರೆ ಸಿಗುವ ಕೊಡಗಿನ ಮಾತು ಬೇರೆ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಈ ಪರವಾನಗಿಯಿಂದ ಬಹುಕಾಲದಿಂದ ವಿನಾಯಿತಿಯಿದೆ. 2019ರಲ್ಲಿ ಅದನ್ನು ಮತ್ತೆ ಹತ್ತು ವರ್ಷಗಳಿಗೆ ಮುಂದುವರಿಸಲಾಯಿತು. ಕೈಲ್ ಪೊಳ್ದಿನ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಅಲ್ಲಿನವರು ಗುಂಡು ಹೊಡೆಯುವುದನ್ನು ಕಂಡು ನಾವೂ ಹಾಗೆಯೇ ಹೊರಡಲಾಗದು. ಅವರಿಗೆ ವಿನಾಯಿತಿಯೂ ಇದೆ, ತಲೆಮಾರುಗಳ ಶಿಸ್ತೂ ಇದೆ.

ಹಾಗಾದರೆ ಅಡಕೆ ಒಣಗಿಸುವ ಅಂಗಳವುಳ್ಳ ಗೃಹಸ್ಥನಿಗೆ ಉಳಿದ ದಾರಿ ಯಾವುದು? ಗಾಳಿಯ ಕೋವಿ, ಜನರ ಮಾತಿನಲ್ಲಿ ಏರ್‌ಗನ್ನು. ಜಾತ್ರೆಯಲ್ಲಿ ಬಲೂನು ಒಡೆಯುವ ಅಂಗಡಿಯಲ್ಲಿ ಇದನ್ನು ನಾವೆಲ್ಲರೂ ಕಂಡಿದ್ದೇವೆ. ಇದರಲ್ಲಿ ಮದ್ದಿಲ್ಲ, ಹೊಗೆಯಿಲ್ಲ. ಒತ್ತಿ ಹಿಡಿದ ಗಾಳಿಯೇ ಅರ್ಧ ಗ್ರಾಮಿನಷ್ಟು ತೂಕದ ಸೀಸದ ಗುಂಡನ್ನು ದೂಡುತ್ತದೆ. ನಳಿಗೆಯ ಅಳತೆ 0.177 ಅಂಗುಲ, ಎಂದರೆ 4.5 ಮಿಲಿಮೀಟರು. 2016ರ ಶಸ್ತ್ರ ನಿಯಮಗಳ ಪ್ರಕಾರ ಈ ಅಳತೆಯನ್ನು ಮೀರದ, ಗುಂಡಿನ ಶಕ್ತಿ 20 ಜೂಲುಗಳನ್ನು ದಾಟದ ಗಾಳಿಕೋವಿಗೆ ಪರವಾನಗಿ ಬೇಕಿಲ್ಲ. ಈ ಎರಡು ಮಿತಿಗಳಲ್ಲಿ ಯಾವುದೊಂದನ್ನು ಮೀರಿದರೂ ಪರವಾನಗಿ ಬೇಕಾಗುತ್ತದೆ. ಆದುದರಿಂದ ನಂಬಿಕೆಯ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ ಕೊಂಡು, ಈ ವಿವರಗಳನ್ನು ಬರೆಸಿದ ರಶೀದಿಯನ್ನು ಜೋಪಾನವಾಗಿಟ್ಟುಕೊಳ್ಳಿ.

ಇನ್ನು ಆಯ್ಕೆಯ ಮಾತು. ಅಂಗಡಿಯವನು ಮೊಟ್ಟಮೊದಲು ಹೊಗಳುವುದು ವೇಗವನ್ನು: ಸೆಕೆಂಡಿಗೆ ಇಷ್ಟು ಸಾವಿರ ಅಡಿ ಎಂದು. ಅದಕ್ಕೆ ಮರುಳಾಗಬೇಡಿ. ಒಲಿಂಪಿಕ್ಸಿನ 10 ಮೀಟರು ಸ್ಪರ್ಧೆಯ ಗಾಳಿಕೋವಿಯ ಶಕ್ತಿ ಏಳೆಂಟು ಜೂಲುಗಳಷ್ಟೆ. ಪಾಯಿಂಟ್ ಟೂ ಟೂ ಗುಂಡಿನದು ನೂರನ್ನು ಮೀರುತ್ತದೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ ಬಿಂದ್ರಾ ದೇಶಕ್ಕೆ ಚಿನ್ನವನ್ನು ತಂದುದು ಈ ದುರ್ಬಲವಾದ ಗಾಳಿಯಿಂದಲೇ. ಆ ಸ್ಪರ್ಧೆಯ ಗುರಿಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರು, ಸಾಸಿವೆಯ ಕಾಳಿಗಿಂತ ಚಿಕ್ಕದು. ಅಲ್ಲಿ ಗೆದ್ದುದು ಬಲವಲ್ಲ, ನಿಖರತೆ. ಹಗುರವಾದ ಗುಂಡನ್ನು ಶಬ್ದದ ವೇಗದ ಹತ್ತಿರಕ್ಕೆ ಅಟ್ಟಿದರೆ ಅದು ದಾರಿಯಲ್ಲಿ ತತ್ತರಿಸಿ ಗುರಿಯನ್ನು ಚೆದರಿಸುತ್ತದೆ. ಕಾಗದಕ್ಕೆ ತೂತು ಮಾಡಲು ಬಡಿಗೆ ಬೇಕಿಲ್ಲ, ಸೂಜಿ ಸಾಕು.

ಎರಡನೆಯದು ನಳಿಗೆ. ‘ರೈಫಲ್’ ಎಂಬ ಹೆಸರು ಬಂದುದೇ ನಳಿಗೆಯ ಒಳಮೈಯಲ್ಲಿ ಕೊರೆದ ಸುರುಳಿ ಗೀರುಗಳಿಂದ. ಆ ಗೀರುಗಳು ಗುಂಡಿಗೆ ಬುಗುರಿಯ ಸುತ್ತನ್ನು ಕೊಡುತ್ತವೆ. ತಿರುಗುವ ಬುಗುರಿ ನೆಟ್ಟಗೆ ನಿಲ್ಲುವಂತೆ ತಿರುಗುವ ಗುಂಡು ನೆಟ್ಟಗೆ ಹೋಗುತ್ತದೆ. ತೀರ ಅಗ್ಗದ ಗಾಳಿಕೋವಿಗಳಲ್ಲಿ ಕೆಲವಕ್ಕೆ ಈ ಗೀರುಗಳೇ ಇರುವುದಿಲ್ಲ. ಬಲೂನಿಗೆ ಅದು ಸಾಕು, ಗುರಿಯ ಅಭ್ಯಾಸಕ್ಕೆ ಸಾಲದು. ಖಾಲಿ ನಳಿಗೆಯನ್ನು ಬಾಗಿಸಿ, ಹಿಂದಿನ ಕಡೆಯಿಂದ ಬೆಳಕಿಗೆ ಹಿಡಿದು ಒಳಗೆ ಇಣಿಕಿದರೆ ಗೀರುಗಳು ಕಾಣಿಸಬೇಕು.

ಮೂರನೆಯದು ಯಂತ್ರ. ನಳಿಗೆಯನ್ನು ಬಾಗಿಸಿ ಸ್ಪ್ರಿಂಗನ್ನು ಒತ್ತುವ ಬಗೆಯದು ಅತ್ಯಂತ ಸರಳ. ಅಗ್ಗದಲ್ಲಿ ಸಿಗುವುದೂ ಅದೇ, ಊರಿನಲ್ಲಿಯೇ ರಿಪೇರಿಯಾಗಬಲ್ಲುದೂ ಅದೇ. ಸಿಲಿಂಡರಿನಲ್ಲಿ ಗಾಳಿ ತುಂಬಿಸಿಟ್ಟು ಹೊಡೆಯುವ ಬಗೆಯದು ಒದೆಯುವುದಿಲ್ಲ, ಆದರೆ ಪಂಪು ಮೊದಲಾದ ಪರಿಕರಗಳೊಡನೆ ಖರ್ಚು ಏರುತ್ತದೆ. ಸ್ಪರ್ಧೆಗಾಗಿಯೇ ಮಾಡಿದ ವಿದೇಶೀ ಕೋವಿಗಳ ಬೆಲೆ ಲಕ್ಷಗಳಲ್ಲಿದೆ. ಹವ್ಯಾಸಿಗೆ ಅದರ ಗೊಡವೆ ಬೇಡ. ಸ್ಪ್ರಿಂಗಿನ ಕೋವಿ ನಮ್ಮ ದೇಶದಲ್ಲಿಯೇ ತಯಾರಾಗುತ್ತಿದೆ, ಕೆಲವು ಸಾವಿರ ರೂಪಾಯಿಗಳಲ್ಲಿ ಸಿಗುತ್ತದೆ. ಆದರೆ ಅದಕ್ಕೆ ತನ್ನದೇ ಆದ ಸ್ವಭಾವವಿದೆ. ಒಳಗಿನ ಕೊಂತ ಮುಂದಕ್ಕೆ ಚಿಮ್ಮುವಾಗ ಕೋವಿ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಜಗ್ಗುತ್ತದೆ. ಬಿಗಿಯಾಗಿ ಅವಚಿ ಹಿಡಿದಷ್ಟೂ ಗುಂಡು ಚೆದರುತ್ತದೆ. ಅಂಗೈಯ ಮೇಲೆ ಹಗುರವಾಗಿ ಕೂರಿಸಿ, ಅದನ್ನು ಅದರ ಪಾಡಿಗೆ ಜಗ್ಗಲು ಬಿಟ್ಟರೆ ಗುಂಡುಗಳು ಒಂದೆಡೆ ಸೇರುತ್ತವೆ. ಗುಂಡಿಲ್ಲದೆ ಟ್ರಿಗರ್ ಎಳೆಯಬಾರದು. ತಡೆಯಾಗಿ ನಿಲ್ಲುವ ಗಾಳಿಯಿಲ್ಲದೆ ಕೊಂತ ಬಡಿದು ಕೆಡುತ್ತದೆ. ಗುಂಡು ಸೇರಿಸುವಾಗ ಬಾಗಿಸಿದ ನಳಿಗೆಯನ್ನು ಒಂದು ಕೈಯಲ್ಲಿ ಹಿಡಿದೇ ಇರಬೇಕು. ಕೈತಪ್ಪಿ ಅದು ಚಿಮ್ಮಿದರೆ ಬೆರಳು ಉಳಿಯುವುದು ಕಷ್ಟ.

ನಾಲ್ಕನೆಯದು ಮೈಕಟ್ಟು. ಅಂಗಿಯನ್ನು ಅಳತೆ ನೋಡದೆ ಕೊಳ್ಳದವರು ಕೋವಿಯನ್ನು ಮಾತ್ರ ಚಿತ್ರ ನೋಡಿ ಕೊಳ್ಳುತ್ತಾರೆ. ಹಿಡಿಯ ತುದಿಯನ್ನು ಮಡಿಸಿದ ಮೊಣಕೈಯ ಒಳಗೆ ಆನಿಸಿದಾಗ ತೋರುಬೆರಳಿನ ಮೊದಲ ಗಿಣ್ಣು ಟ್ರಿಗರಿಗೆ ಸುಖವಾಗಿ ತಲಪಬೇಕು. ಭುಜಕ್ಕೇರಿಸಿ, ಕಣ್ಣು ಮುಚ್ಚಿ, ಕೆನ್ನೆಯನ್ನು ಹಿಡಿಗೆ ಒರಗಿಸಿ, ಮತ್ತೆ ಕಣ್ಣು ತೆರೆದರೆ ಮುಂದಿನ ಮೊನೆಯೂ ಹಿಂದಿನ ಕಚ್ಚೂ ಒಂದೇ ಸಾಲಿನಲ್ಲಿ ಕಾಣಬೇಕು. ಟ್ರಿಗರ್ ಗೋಣಿಯೆಳೆದಂತೆ ಜಗ್ಗಾಡಬಾರದು. ಒಣಗಿದ ಕಡ್ಡಿ ಮುರಿದಂತೆ ಒಮ್ಮೆಗೇ ಸಡಿಲಬೇಕು. ಸ್ಪ್ರಿಂಗನ್ನು ಇಪ್ಪತ್ತು ಸಲ ಒತ್ತಿದರೂ ತೋಳು ಸೋಲದಿರಬೇಕು. ದುರ್ಬೀನು ಜೋಡಿಸಿಕೊಳ್ಳುವ ಆಸೆಯನ್ನು ಒಂದು ವರ್ಷ ಮುಂದಕ್ಕೆ ಹಾಕಿ. ಬರಿಯ ಮೊನೆ ಕಚ್ಚುಗಳಿಂದ ಕಲಿತ ಕಣ್ಣು ಆಮೇಲೆ ಎಲ್ಲಿಯೂ ಸೋಲುವುದಿಲ್ಲ.

ಕೋವಿಯಲ್ಲಿ ಉಳಿಸಿದ ಹಣವನ್ನು ಗುಂಡಿಗೆ ಹಾಕಿ. ಕಾಗದದ ಗುರಿಗೆ ತಲೆ ಚಪ್ಪಟೆಯಾದ ಗುಂಡೇ ಯೋಗ್ಯ. ಅದು ಅಂಚು ಹರಿಯದಂತೆ ದುಂಡಗೆ ತೂತು ಕೊರೆಯುತ್ತದೆ. ಎರಡು ಮೂರು ಬಗೆಯ ಗುಂಡುಗಳನ್ನು ತಂದು, 10 ಮೀಟರು ದೂರದಲ್ಲಿ, ಮರಳು ತುಂಬಿದ ಚೀಲದ ಮೇಲೆ ಕೈಯೂರಿ, ಒಂದೊಂದು ಬಗೆಯಲ್ಲಿಯೂ ಐದೈದು ಹೊಡೆದು ನೋಡಿ. ನಡುವಿಗೆ ತಾಗಿತೇ ಎಂದು ಮೊದಲು ನೋಡಬೇಡಿ. ಐದೂ ಒಂದೆಡೆ ಸೇರಿದುವೇ ಎಂದು ನೋಡಿ. ಈಗಿನ ಹತ್ತು ರೂಪಾಯಿಯ ನಾಣ್ಯದ ಅಗಲ 27 ಮಿಲಿಮೀಟರು. ಆ ಐದು ತೂತುಗಳನ್ನು ನಾಣ್ಯವೊಂದು ಮುಚ್ಚಿದರೆ ಹೊಸಬನಿಗೆ ಅದು ತೃಪ್ತಿಯ ಆರಂಭ. ಒಂದೆಡೆ ಸೇರಿದ ಗುಂಡುಗಳನ್ನು ನಡುವಿಗೆ ಸರಿಸುವುದು ಕಚ್ಚಿನ ತಿರುಪಿನ ಕೆಲಸ. ಚೆದರಿದ ಗುಂಡುಗಳನ್ನು ಒಂದೆಡೆ ಸೇರಿಸುವುದು ಕೈ, ಕಣ್ಣು, ಉಸಿರುಗಳ ಕೆಲಸ.

ಈಗ ಅಂಗಳಕ್ಕೆ ಬರೋಣ. 10 ಮೀಟರೆಂದರೆ 33 ಅಡಿಗೂ ಕಡಮೆ. ನಮ್ಮ ಕಡೆಯ ಅಡಕೆ ಅಂಗಳಗಳಲ್ಲಿ ಅಷ್ಟು ಜಾಗ ಸುಲಭವಾಗಿ ಸಿಗುತ್ತದೆ. ಗುರಿಯ ಹಿಂದೆ ಗುಡ್ಡದ ಮಣ್ಣಿನ ಬರೆಯಿದ್ದರೆ ಅದಕ್ಕಿಂತ ಒಳ್ಳೆಯದು ಬೇರಿಲ್ಲ. ಇಲ್ಲದಿದ್ದರೆ ಹಳೆಯ ಬಟ್ಟೆಯನ್ನು ಗಿಡಿದು ತುಂಬಿದ ದಪ್ಪನೆಯ ಗೋಣಿಚೀಲವನ್ನು ಮರಳ ಚೀಲಗಳ ಮುಂದೆ ನಿಲ್ಲಿಸಬಹುದು. ಮುರಕಲ್ಲಿನ ಗೋಡೆ, ತೆಂಗಿನ ಕಾಂಡ, ನೀರು, ಈ ಮೂರಕ್ಕೆ ಎಂದೂ ಹೊಡೆಯಬೇಡಿ. ಗಟ್ಟಿಯಾದುದಕ್ಕೆ ತಾಗಿದ ಸೀಸ ಹೊಡೆದವನ ಕಡೆಗೇ ಮರಳಬಹುದು. ನೀರಿಗೆ ಓರೆಯಾಗಿ ತಾಗಿದ ಗುಂಡು, ಹುಡುಗರು ನದಿಗೆಸೆದ ಬಿಲ್ಲೆಗಲ್ಲಿನಂತೆ ಪುಟಿದು ಆಚೆ ದಡಕ್ಕೆ ಹಾರಬಹುದು. ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ, ಮುಗಿದ ಮೇಲೆ ಸೀಸ ಮುಟ್ಟಿದ ಕೈಗೆ ಸಾಬೂನು ಬೀಳಲಿ. ನಮ್ಮ ಮಳೆಗಾಲವಂತೂ ಕಬ್ಬಿಣದ ಶತ್ರು. ಜೂನಿನಿಂದ ಸೆಪ್ಟೆಂಬರಿನವರೆಗೆ ವಾರಕ್ಕೊಮ್ಮೆ ಎಣ್ಣೆ ಸವರಿದ ಬಟ್ಟೆಯಿಂದ ಹೊರಮೈಯನ್ನು ಒರೆಸಬೇಕು. ಒಳಗಿನ ಗಾಳಿಕೋಣೆಗೆ ಮಾತ್ರ ಎಣ್ಣೆ ಸುರಿಯಬಾರದು. ಒತ್ತಿದ ಗಾಳಿಯ ಬಿಸಿಗೆ ಅದು ಹೊತ್ತಿಕೊಂಡು ಕೋವಿಯನ್ನೇ ಕೆಡಿಸೀತು.

ತೋಟವುಳ್ಳವನ ಕೈಗೆ ಗಾಳಿಕೋವಿ ಬಂದರೆ ಒಂದು ಪ್ರಲೋಭನೆ ಕಾದಿರುತ್ತದೆ. ಎಳನೀರನ್ನು ಕೆಡಹುವ ಮಂಗ, ಗದ್ದೆಗಿಳಿದ ನವಿಲು, ಮಾವಿನ ಮರದ ಹಕ್ಕಿ, ಎಲ್ಲವೂ ಜೀವಂತ ಗುರಿಗಳಾಗಿ ಕಾಣತೊಡಗುತ್ತವೆ. ರೈತನ ಸಂಕಟ ಸುಳ್ಳಲ್ಲ; ಆದರೆ ಅದಕ್ಕೆ ಇದು ಮದ್ದಲ್ಲ. 1972ರ ವನ್ಯಜೀವಿ ಕಾಯಿದೆ ಇವುಗಳಿಗೆ ರಕ್ಷಣೆ ನೀಡಿದೆ. ಗಾಳಿಕೋವಿಯಿಂದ ಹೊಡೆದರೂ ಅಪರಾಧ ಅಪರಾಧವೇ. ಅರ್ಧ ಗ್ರಾಮಿನ ಗುಂಡು ಮಂಗನನ್ನು ಸಾಮಾನ್ಯವಾಗಿ ಒಡನೆ ಕೊಲ್ಲುವುದೂ ಇಲ್ಲ; ಮಾಂಸದೊಳಗೆ ಉಳಿದು ದಿನಗಟ್ಟಲೆ ನರಳಿಸುತ್ತದೆ. ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಜನ ತಮ್ಮ ಏರ್‌ಗನ್ನುಗಳನ್ನು ಸರಕಾರಕ್ಕೆ ಒಪ್ಪಿಸುವ ಅಭಿಯಾನವೇ ನಡೆಯಿತು, ಕಾಡಿನ ಹಕ್ಕಿಗಳು ಉಳಿಯಲೆಂದು. ಪಕ್ಷಿತಜ್ಞ ಸಾಲಿಂ ಅಲಿಯವರು ಬಾಲ್ಯದಲ್ಲಿ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಉರುಳಿಸಿದ್ದರು. ಅದರ ಕೊರಳಿನಲ್ಲಿ ಕಂಡ ಹಳದಿಯ ಗುರುತು ಯಾವ ಹಕ್ಕಿಯದೆಂದು ಕೇಳಹೋದುದರಿಂದಲೇ ಅವರ ಬದುಕಿನ ದಾರಿ ತಿರುಗಿತು. ಎಲ್ಲ ಬಾಲಕರೂ ಸಾಲಿಂ ಅಲಿಗಳಾಗುವುದಿಲ್ಲ. ಗುಬ್ಬಿಗಳು ಮಾತ್ರ ಸಾಯುತ್ತವೆ. ದ್ರೋಣಾಚಾರ್ಯರ ಪರೀಕ್ಷೆ ನಮಗೆಲ್ಲ ಗೊತ್ತು: ಅರ್ಜುನನಿಗೆ ಹಕ್ಕಿಯ ತಲೆಯಲ್ಲದೆ ಬೇರೇನೂ ಕಾಣಲಿಲ್ಲ. ಆ ಹಕ್ಕಿ ನಿಜವಾದುದಲ್ಲ, ಶಿಲ್ಪಿಗಳಿಂದ ಮಾಡಿಸಿ ಮರದ ತುದಿಯಲ್ಲಿರಿಸಿದ ಬೊಂಬೆ ಎಂಬುದನ್ನು ವ್ಯಾಸರು ಸ್ಪಷ್ಟವಾಗಿ ಹೇಳಿದ್ದಾರೆ. ನಾವು ಅದನ್ನು ಮರೆತಿದ್ದೇವೆ. ಲೋಕದ ಅತಿ ದೊಡ್ಡ ಗುರಿಗಾರನ ಪರೀಕ್ಷೆಗೆ ಬೊಂಬೆ ಸಾಕಾಯಿತು. ನಮಗೆ ಕಾಗದ ಸಾಲದೇ?

ಆ ತಾಯಿಗೆ ಎರಡು ಮಾತು ಹೇಳಬೇಕಾಗಿದೆ. ಅಮ್ಮಾ, ನಿಮ್ಮ ಅಂಜಿಕೆ ಅಕಾರಣವಾದುದಲ್ಲ. ಪರವಾನಗಿ ಬೇಡದ ಮಾತ್ರಕ್ಕೆ ಏರ್‌ಗನ್ನು ಆಟಿಕೆಯಾಗುವುದಿಲ್ಲ. ಹತ್ತಿರದಿಂದ ತಾಗಿದ ಗುಂಡು ಕಣ್ಣನ್ನು ಕಳೆಯುತ್ತದೆ. ಮಕ್ಕಳ ಪ್ರಾಣವೇ ಹೋದ ಸುದ್ದಿಗಳನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಅಲ್ಲೆಲ್ಲ ಸಾಮಾನ್ಯವಾಗಿ ಕೇಳಿಬರುವುದು ಎರಡೇ ಮಾತು: ‘ಖಾಲಿಯಿದೆ ಎಂದುಕೊಂಡೆ’, ‘ಅಲ್ಲಿ ಯಾರೂ ಇಲ್ಲವೆಂದುಕೊಂಡೆ’. ದಶರಥನೂ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಕೇಳಿ, ಆನೆಯೆಂದುಕೊಂಡೇ ಬಾಣ ಬಿಟ್ಟ. ಆದುದರಿಂದ ನಿಮ್ಮ ಮಗನಿಗೆ ಬರಿಯ ‘ಬೇಡ’ ಎನ್ನುವುದಕ್ಕೆ ಬದಲು ಕೆಲವು ಷರತ್ತುಗಳನ್ನು ಹಾಕಿ. ಕೋವಿ ಬೀಗವಿರುವ ಕಪಾಟಿನಲ್ಲಿರಬೇಕು, ಗುಂಡಿನ ಡಬ್ಬಿ ಬೇರೊಂದು ಕೋಣೆಯಲ್ಲಿರಬೇಕು, ಕೀಲಿಕೈ ಅವನೊಬ್ಬನ ಬಳಿಯೇ ಇರಬೇಕು. ಹೊಡೆಯುವ ಹೊತ್ತಿನಲ್ಲಿ ಮನೆಯವರೆಲ್ಲ ಅವನ ಬೆನ್ನ ಹಿಂದಿರಬೇಕು; ಅಂಗಳಕ್ಕೆ ಬರುವ ದಾರಿಗೆ ದಣಪೆ ಹಾಕಿರಬೇಕು. ಖಾಲಿಯೆಂದು ತಿಳಿದ ಕೋವಿಯನ್ನೂ ತುಂಬಿದ ಕೋವಿಯೆಂದೇ ಎಣಿಸಿ, ಅದರ ಬಾಯಿ ಯಾವ ಜೀವದ ಕಡೆಗೂ ತಿರುಗದಂತೆ ನೋಡಿಕೊಳ್ಳಬೇಕು. ಗುರಿಯನ್ನು ಮಾತ್ರವಲ್ಲ, ಗುರಿಯ ಹಿಂದಿರುವುದನ್ನೂ ಕಣ್ಣಾರೆ ಕಂಡ ಮೇಲೆಯೇ ಬೆರಳು ಟ್ರಿಗರಿಗೆ ಹೋಗಬೇಕು. ಇವುಗಳಲ್ಲಿ ಒಂದಕ್ಕೆ ಅವನು ತಪ್ಪಿದರೂ ಕೋವಿಯನ್ನು ಕೊಟ್ಟುಬಿಡುವಂತೆ ಹೇಳುವ ಹಕ್ಕು ನಿಮ್ಮದು.

ಈ ಷರತ್ತುಗಳನ್ನು ಒಪ್ಪಿ ಕೊಂಡವನಿಗೆ ದೊರೆಯುವ ಲಾಭವೂ ಸಣ್ಣದಲ್ಲ. ಸಂಜೆಗೆ ಇಪ್ಪತ್ತು ಗುಂಡು ಸಾಕು. ಒಂದು ನೋಟುಪುಸ್ತಕವಿಟ್ಟು, ತಾರೀಕಿನೊಡನೆ ಆ ದಿನದ ಗುರಿಯ ಕಾಗದವನ್ನು ಅಂಟಿಸುತ್ತ ಹೋಗಿ. ಸಿಟ್ಟಿನಲ್ಲಿ ಹೊಡೆದ ದಿನ ತೂತುಗಳು ಹೇಗೆ ಚೆದರಿವೆ, ನಿದ್ದೆ ಸಾಲದ ದಿನ ಹೇಗೆ ಕೆಳಗಿಳಿದಿವೆ ಎಂಬುದೆಲ್ಲ ಅದರಲ್ಲಿ ಬರೆದಿಟ್ಟಂತೆ ಕಾಣುತ್ತದೆ. ಗುಂಡನ್ನು ಉಸಿರಿನ ನಡುವಣ ಮೌನದಲ್ಲಿ ಬಿಡಬೇಕು. ಟ್ರಿಗರ್ ಸಡಿಲಿದ ಮೇಲೂ ಒಂದು ಕ್ಷಣ ಕದಲದೆ ನಿಂತಿರಬೇಕು. ಆರು ತಿಂಗಳ ಕಾಲ ಹೀಗೆ ನಡೆದುಕೊಂಡ ಮೇಲೂ ಆಸೆ ಬತ್ತದಿದ್ದರೆ ಆಗ ಮನ್ನಣೆ ಪಡೆದ ರೈಫಲ್ ಸಂಘವೊಂದನ್ನು ಸೇರಿ, ಪಾಯಿಂಟ್ ಟೂ ಟೂವಿನ ಮಾತೆತ್ತಬಹುದು. ಆಸೆ ಬತ್ತಿದರೆ ಹೋದುದು ಕೆಲವು ಸಾವಿರ ರೂಪಾಯಿ; ಉಳಿದುದು ಸುಮ್ಮನೆ ನಿಲ್ಲುವ ಒಂದು ಅಭ್ಯಾಸ. ಈ ಕಾಲದಲ್ಲಿ ಅದಕ್ಕೆ ಅಷ್ಟು ಬೆಲೆ ಕೊಟ್ಟರೂ ನಷ್ಟವಿಲ್ಲ.